ದೊಡ್ಡವ್ವ ಚೆಲ್ಲಿದ ಪುಂಡಿಪಲ್ಯ

ಹಿತ್ತಾಳೆ ಮುಟ್ಟಿದ ಬೆರಳಿಗೆ ಒಂದು ಕಟುವಾಸನೆ ಅಂಟಿಕೊಳ್ಳುತ್ತದೆ. ಈಚೆಗೆ ಜೇವರ್ಗಿಯ ಪಾತ್ರೆ ಅಂಗಡಿಯಲ್ಲಿ, ಹೊಸ ಮನೆಯ ಅಡುಗೆಗೆಂದು ಪಾತೇಲಿಯೊಂದನ್ನು ಎತ್ತಿಕೊಂಡಾಗ ಅದೇ ವಾಸನೆ ಮೂಗಿಗೆ ಬಡಿಯಿತು. "ಒಳಗ ಕಲಾಯಿ ಮಾಡಿದ್ದೇ ಅದರಿ, ಬೇಫಿಕರ್ ಒಯ್ರಿ" ಎಂದ ಅಂಗಡಿಯವ. ಒಳಮೈಗೆ ಬಳಿದ ತವರ ಬೆಳ್ಳಗೆ ಹೊಳೆಯುತ್ತಿತ್ತು. ಆದರೂ ಅದನ್ನು ಬೆಳಕಿಗೆ ಹಿಡಿದೆ, ತಿರುಗಿಸಿದೆ, ಅಂಚಿನ ಮೇಲೆ ಉಗುರಾಡಿಸಿದೆ, ಕೆಳಗಿಟ್ಟು ಮತ್ತೆ ಎತ್ತಿಕೊಂಡೆ. ಕೊನೆಗೆ ಸ್ಟೀಲಿನದನ್ನೇ ಕಟ್ಟಿಸಿಕೊಂಡು ಬಂದೆ. ನನ್ನ ಕೈಗೆ ಬಂದಿದ್ದ ಆ ಚಡಪಡಿಕೆ ದೊಡ್ಡವ್ವನದು.

ದೊಡ್ಡವ್ವ ನನ್ನ ದೊಡ್ಡಪ್ಪನ ಹೆಂಡತಿ. ಕಡಗಂಚಿ ಹತ್ತಿರದ ನಮ್ಮೂರಿನ ಆ ದೊಡ್ಡ ಮನೆಯಲ್ಲಿ ಅವಳು ನಿಶ್ಚಿಂತೆಯಿಂದ ಕೂತದ್ದನ್ನು ನಾನು ನೋಡಲೇ ಇಲ್ಲ. ನಿಮ್ಮ ಮನೆಯಲ್ಲೂ ಇದ್ದಿರಬಹುದು, ಕಟ್ಟಿಗೆ ಹೊಗೆಯ ಅಂಥ ಅಡುಗೆಮನೆ, ಗೋಡೆಯುದ್ದಕ್ಕೂ ಬೋರಲು ಹಾಕಿದ ಹಿತ್ತಾಳೆ ಪಾತ್ರೆಗಳು. ಅವಳು ಒಂದೊಂದನ್ನೂ ಎತ್ತಿ ಒಳಗೆ ಇಣುಕುತ್ತಿದ್ದಳು. ಕಲಾಯಿ ಸವೆದು ಹಳದಿ ಕಂಡರೆ ಮುಗಿಯಿತು, ಆ ಪಾತ್ರೆ ಕಾಳು ತುಂಬಲಷ್ಟೇ. ಹುಳಿ ಅಡುಗೆಯಂತೂ ಮಣ್ಣಿನ ಗಡಿಗೆಯಲ್ಲೇ ಆಗಬೇಕು. ಮನೆಯವರೆಲ್ಲ ಅದನ್ನು ಅವಳ ಹುಚ್ಚು ಎನ್ನುತ್ತಿದ್ದರು.

ಅವಳ ಮಗಳು ಮಹಾದೇವಿಯ ನಿಶ್ಚಯದ ದಿನ ಹವಳಗಾ ಕಡೆಯಿಂದ ಬೀಗರು ಬಂದಿದ್ದರು. ಪಾತ್ರೆ ಸಾಲದೆ ನೆರೆಮನೆಯಿಂದ ಒಂದು ಹಿತ್ತಾಳೆ ಹಂಡೆ ತಂದು, ದೊಡ್ಡವ್ವ ಮಗಳಿಗೆ ಸೀರೆ ಉಡಿಸುತ್ತಿದ್ದಾಗ, ಹೆಂಗಸರು ಅದರಲ್ಲೇ ಹುಳಿಸೊಪ್ಪಿನ ಪುಂಡಿಪಲ್ಯ ಕುದಿಸಿಬಿಟ್ಟಿದ್ದರು. ಎಲ್ಲರೂ ಕೈ ತೊಳೆದು ಕೂತಾಗಿತ್ತು, ತಾಟಿಗೆ ರೊಟ್ಟಿ ಬಿದ್ದಿತ್ತು. ಬಡಿಸಲೆಂದು ಸವಟು ಹಾಕಿದ ದೊಡ್ಡವ್ವ ತಳ ಕೆರೆದು ನೋಡಿದಳು; ಕಲಾಯಿ ಹೋಗಿ ಹಳದಿ ಕಂಡಿತು. ಸೆರಗಿನಿಂದ ಹಂಡೆಯ ಕಂಠ ಹಿಡಿದು ಹಿತ್ತಲಿಗೆ ಒಯ್ದು, ಅಷ್ಟನ್ನೂ ತಿಪ್ಪೆಗೆ ಸುರಿದಳು.

ದೊಡ್ಡಪ್ಪ ಓಡಿಬಂದ. "ಏನ್ ಮಾಡಿದಿಬೇ ಇದು? ಬೀಗರು ತಾಟಿನ ಮುಂದ ಕುಂತಾರ!"

"ಕುಂತಿರ್ಲಿರಿ. ಇದನ್ನ ಯಾರ ಹೊಟ್ಟಿಗೂ ಹಾಕಂಗಿಲ್ಲ ನಾ."

ಈ ಸಂಬಂಧ ಮುರಿಯಿತೆಂದೇ ನಾವೆಲ್ಲ ಅಂದುಕೊಂಡೆವು. ಆಗ ವರನ ಅಜ್ಜಿ ಒಳಗಿಂದಲೇ ಕೂಗಿದಳು, "ಶೇಂಗಾ ಹಿಂಡಿ, ಮಸರು ಹಾಕ್ರೆವ್ವ, ರೊಟ್ಟಿ ಆರಾಕತ್ತಾವ." ಹಾಗೆ ಊಟವಾಯಿತು, ನಿಶ್ಚಯವೂ ಆಯಿತು. ದೊಡ್ಡಪ್ಪ ಮಾತ್ರ ಮದುವೆಯವರೆಗೂ ಅವಳೊಂದಿಗೆ ನೆಟ್ಟಗೆ ಮಾತಾಡಲಿಲ್ಲ.

ಬೀಗರು ಹೋದ ಮೇಲೆ ಮಹಾದೇವಿ ಅಳುತ್ತ ಕೇಳಿದಳು, "ಯವ್ವಾ, ಒಂದಿನ ಉಂಡಿದ್ರ ಏನಾಗ್ತಿತ್ತು?"

ದೊಡ್ಡವ್ವ ಹಂಡೆ ತಿಕ್ಕುವುದನ್ನು ನಿಲ್ಲಿಸಿದಳು. "ನಮ್ಮ ತವರಮನ್ಯಾಗ ಒಂದಿನಾನೇ ಉಂಡಿದ್ವಿ. ಎಲ್ಲಾರಿಗೂ ವಾಂತಿ ಹತ್ತಿತು. ನಾವು ಉಳದ್ವಿ. ನನ್ನ ತಮ್ಮ ಸಣ್ಣಾಂವಿದ್ದ, ಉಳೀಲಿಲ್ಲ." ಅಷ್ಟು ಹೇಳಿ ಮತ್ತೆ ತಿಕ್ಕತೊಡಗಿದಳು.

ಆ ಮನೆ ಈಗಿಲ್ಲ. ಪಾಲಾಯಿತು, ಹಿತ್ತಾಳೆಯೆಲ್ಲ ತೂಕಕ್ಕೆ ಹೋಯಿತು, ಅಡುಗೆಮನೆಯ ಗೋಡೆ ಬಿದ್ದ ಜಾಗದಲ್ಲಿ ಯಾರದೋ ಟ್ರ್ಯಾಕ್ಟರ್ ನಿಲ್ಲುತ್ತದೆ. ದೊಡ್ಡವ್ವ ಅಫಜಲಪುರದಲ್ಲಿ ಮಗಳ ಮನೆಯಲ್ಲೇ ತೀರಿಕೊಂಡಳು. ಮೊನ್ನೆ ಮಹಾದೇವಿಗೆ ಫೋನ್ ಮಾಡಿ, ಉಳಿಯದೆ ಹೋದ ಆ ಸೋದರಮಾವನ ಹೆಸರೇನಿತ್ತೆಂದು ಕೇಳಿದೆ.

"ಗೊತ್ತಿಲ್ಲ. ಯಾರೂ ಕೇಳೇ ಇಲ್ಲಲ್ಲ" ಎಂದಳು.