ಕಿವಿಯಪ್ಪನ ಗಡ್ಡದ ಸೀಟಿ

ಕಿವಿಯಪ್ಪನ ಕಿವಿಯ ಬಗ್ಗೆ ಕೇಂದ್ರದಲ್ಲಿ ಎರಡು ಮಾತಿರಲಿಲ್ಲ. ಮೂರು ಕಣಿವೆಯಾಚೆ ಹಕ್ಕಿಯೊಂದು ಆಕಳಿಸಿದರೆ ಸಾಕು, ಅದು ಗಂಡೋ ಹೆಣ್ಣೋ, ಹಿಂದಿನ ದಿನ ಹೊಟ್ಟೆತುಂಬ ಹುಳ ಸಿಕ್ಕಿತ್ತೋ ಇಲ್ಲವೋ ಎಂದು ಕೂತಲ್ಲೇ ಹೇಳಿಬಿಡುತ್ತಾನೆಂದು ಪ್ರತೀತಿ. ಅವನ ಹೆಂಡತಿ ಮಾತ್ರ ಇದನ್ನು ಒಪ್ಪಿರಲಿಲ್ಲ. ಅಡುಗೆಮನೆಯಿಂದ ಏಳು ಸಲ ಕೂಗಿದರೂ ಎಂಟಡಿ ದೂರದ ಹಜಾರದಲ್ಲಿ ಕೂತವನಿಗೆ ಕೇಳಿಸದ ಕಿವಿ ಅದು ಎಂಬುದು ಅವಳ ಇಪ್ಪತ್ತಾರು ವರ್ಷಗಳ ಸಂಶೋಧನೆ. ಯಾವ ಪತ್ರಿಕೆಯೂ ಅದನ್ನು ಅಚ್ಚು ಹಾಕಿರಲಿಲ್ಲ.

ಕೇಂದ್ರವೆಂದರೆ ಹಕ್ಕಿಗಳ ಅಧ್ಯಯನ ಕೇಂದ್ರ. ಪಡುವಣ ಗುಡ್ಡದ ಮೇಲೆ ತಗಡಿನ ಮಾಡಿನ ಕಚೇರಿ, ಅದರ ಬೆನ್ನಿಗೆ ರಕ್ತ ಪರೀಕ್ಷೆಯ ಕೊಠಡಿ, ಬೇಲಿಗೆ ಒರಗಿಕೊಂಡಂತೆ ಕಿವಿಯಪ್ಪನ ವಸತಿಗೃಹ. ಇಷ್ಟೆಲ್ಲ ವೈಭವವೂ ಒಂದು ಬೂದುಹಕ್ಕಿಗಾಗಿ. ಅಂಗೈಯಲ್ಲಿ ಕೂತರೆ ಕೂತದ್ದೇ ಗೊತ್ತಾಗದಷ್ಟು ತೂಕದ ಈ ಪ್ರಾಣಿ ಪಡುವಣ ಗುಡ್ಡದಲ್ಲೂ ಇತ್ತು, ಮೂಡಣ ಗುಡ್ಡದಲ್ಲೂ ಇತ್ತು. ನಡುವೆ ನಲವತ್ತು ಮೈಲಿ ಬೋಳು ಬಯಲು. ಮರದ ನೆರಳು ಬಿಟ್ಟು ನಾಲ್ಕು ಮಾರು ಹಾರಿದರೆ ತಲೆಸುತ್ತಿ ಬೀಳುವ ಜಾತಿಯಾದ್ದರಿಂದ ಇಲ್ಲಿಯದು ಅಲ್ಲಿಗೆ ಹೋಗಿರಲಿಲ್ಲ, ಅಲ್ಲಿಯದು ಇಲ್ಲಿಗೆ ಬಂದಿರಲಿಲ್ಲ. ನೋಡಲು ಎರಡೂ ಒಂದೇ. ಹಾಗಾದರೆ ಇದು ಒಂದು ಜಾತಿಯೋ, ಎರಡು ಜಾತಿಯೋ? ಈ ಪ್ರಶ್ನೆಗಾಗಿ ಸಮಾವೇಶಗಳಲ್ಲಿ ಕುರ್ಚಿಗಳು ಹಾರಿದ್ದವು, ಕನ್ನಡಕಗಳು ಒಡೆದಿದ್ದವು, ಒಂದು ಮದುವೆ ಮುರಿದುಬಿದ್ದಿತ್ತು. ಹಕ್ಕಿ ಮಾತ್ರ ತನ್ನ ಪಾಡಿಗೆ ಹುಳ ತಿನ್ನುತ್ತಿತ್ತು.

ಕಿವಿಯಪ್ಪನಿಗೆ ಇದರಲ್ಲಿ ಅನುಮಾನವೇ ಇರಲಿಲ್ಲ. ಅವನು ಹುಟ್ಟಿ ಬೆಳೆದದ್ದು ಮೂಡಣ ಗುಡ್ಡದ ಬುಡದಲ್ಲಿ, ಹೊಟ್ಟೆ ಹೊರೆದದ್ದು ಪಡುವಣ ಗುಡ್ಡದಲ್ಲಿ. ಮೂಡಣದ ಹಕ್ಕಿ ಹಾಡಿನ ಕೊನೆಯ ಸ್ವರವನ್ನು ಆಕಾಶಕ್ಕೆ ಎಸೆಯುತ್ತದೆ. ಪಡುವಣದ್ದು ಅದನ್ನೇ ಮೆಲ್ಲಗೆ ನೆಲಕ್ಕಿಳಿಸುತ್ತದೆ. "ಎರಡೂ ಬೇರೆ ಬೇರೆ ಮನೆತನ ಮೇಡಂ" ಎಂದು ಸೇರಿದ ದಿನವೇ ಹೇಳಿದ್ದ. ದಿನಗೂಲಿಯವನ ಮಾತು ವಿಜ್ಞಾನವಲ್ಲವಾದ್ದರಿಂದ ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಕೇಂದ್ರದ ಮುಖ್ಯಸ್ಥೆ ಡಾಕ್ಟರಮ್ಮ. ಹಾಡು ಅವರ ಜೀವನದ ಸಾಧನೆ. ಹಕ್ಕಿಯ ಹಾಡೇ ಹಕ್ಕಿಯ ಜಾತಿ ಎಂದು ಸಾರಿದವರು. ಹಾಡಿಗೆ ಅಡ್ಡಿಯಾಗಬಾರದೆಂದು ಅವರು ಮೌನದ ಪುಸ್ತಕವೊಂದನ್ನು ಇಟ್ಟಿದ್ದರು. ದಿನಾ ಬೆಳಿಗ್ಗೆ ಆರಕ್ಕೆ ಎಲ್ಲರೂ ಅದರಲ್ಲಿ ಸಹಿ ಹಾಕಬೇಕು: "ಹತ್ತು ಗಂಟೆಯವರೆಗೆ ನಾನು ಮಾತಾಡುವುದಿಲ್ಲ, ಕೆಮ್ಮುವುದಿಲ್ಲ, ಸೀನುವುದಿಲ್ಲ, ಹಾಡುವುದಿಲ್ಲ." ಒಮ್ಮೆ ಸೀನು ತಡೆಯಲು ಹೋಗಿ ಅಡುಗೆಯವನ ಅಂಗಿಯ ಮೂರು ಗುಂಡಿ ಹಾರಿಹೋಗಿದ್ದವು. ಕಿವಿಯಪ್ಪ ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಸಹಿ ತಪ್ಪಿಸಿರಲಿಲ್ಲ, ಮಾತೂ ತಪ್ಪಿರಲಿಲ್ಲ.

ಧ್ವನಿ ಹಿಡಿಯುವ ಯಂತ್ರಗಳು ನಾಲ್ಕಿದ್ದವು. ನಿಯಮದ ಪ್ರಕಾರ ಅವನ್ನು ಗುಡ್ಡದ ನಾಲ್ಕು ಮೂಲೆಗೆ ಕಟ್ಟಬೇಕು. ಆದರೆ ಗುಡ್ಡದ ಮೂಲೆಗಳಲ್ಲಿ ಜಿಗಣೆಗಳಿದ್ದವು, ಬ್ಯಾಟರಿ ಬದಲಿಸಲು ಮಂಡಿ ಸವೆಯುವಷ್ಟು ಹತ್ತಬೇಕಿತ್ತು. ಹೀಗಾಗಿ ವಿಜ್ಞಾನದ ಒಳಿತಿಗಾಗಿ ನಾಲ್ಕನ್ನೂ ವಸತಿಗೃಹದ ಬೇಲಿಯ ನಾಲ್ಕು ಕಂಬಗಳಿಗೆ ಕಟ್ಟಲಾಗಿತ್ತು. ನಕ್ಷೆಯಲ್ಲಿ ಮಾತ್ರ ಅವು ಗುಡ್ಡದ ಮೂಲೆಗಳಲ್ಲೇ ಇದ್ದವು.

ಆ ವರ್ಷ ರಕ್ತದ ಸಾಹೇಬ ಬಂದ. ಹಕ್ಕಿಯನ್ನು ಬಲೆಯಲ್ಲಿ ಹಿಡಿದು, ರೆಕ್ಕೆಯ ನರದಿಂದ ಸಾಸಿವೆಯಷ್ಟು ರಕ್ತ ತೆಗೆದು, ಅದರೊಳಗಿನ ವಂಶವಾಹಿಗಳನ್ನು ಓದುವ ತರುಣ. ಎರಡೂ ಗುಡ್ಡದ ರಕ್ತ ಓದಿ, "ಮೇಡಂ, ಇವೆರಡು ಬೇರೆಯಾಗಿ ಮೂರು ಲಕ್ಷ ವರ್ಷ ಆಗಿದೆ. ಎರಡು ಜಾತಿ" ಎಂದುಬಿಟ್ಟ.

ಡಾಕ್ಟರಮ್ಮ ನಕ್ಕರು. "ರಕ್ತ ಏನು ಬೇಕಾದ್ರೂ ಹೇಳುತ್ತಪ್ಪ. ಹಾಡು ಕೇಳು. ಹಿಂದೆ ಬೇರೆ ಇತ್ತು, ಒಪ್ಪಿದೆ. ಈಗ ಪಡುವಣದ ಹಕ್ಕಿಗಳೂ ಕೊನೇ ಸ್ವರ ಮೇಲಕ್ಕೇ ಎತ್ತುತ್ತಾ ಇವೆ. ಎರಡೂ ಒಂದಾಗ್ತಿವೆ! ಅದೂ ಅಲ್ದೆ ಹನ್ನೊಂದು ವರ್ಷದಿಂದ ಆ ಸ್ವರಕ್ಕೆ ಮುಂಚೆ ಒಂದು 'ಸ್ಸ್' ಬೇರೆ ಸೇರಿದೆ." ಆ 'ಸ್ಸ್' ಎಂಬುದಕ್ಕೆ ಅವರು 'ಪಡುವಣ ಸೀತ್ಕಾರ' ಎಂದು ನಾಮಕರಣ ಮಾಡಿ, ಹದಿನಾಲ್ಕು ಪುಟ ಬರೆದು, ಮೂರು ದೇಶಗಳಲ್ಲಿ ಚಪ್ಪಾಳೆ ಗಿಟ್ಟಿಸಿದ್ದರು.

ಸೋಮವಾರ ವರದಿಯು ಅಳಿವಿನಂಚಿನ ಹಕ್ಕಿಗಳ ಪಟ್ಟಿ ಮಾಡುವ ಸಮಿತಿಗೆ ಹೋಗುವುದಿತ್ತು. ಒಂದೇ ಜಾತಿ ಎಂದಾದರೆ, ಮೂಡಣದಲ್ಲಿ ಬೇಕಾದಷ್ಟಿವೆಯಲ್ಲ ಎಂದು ಪಡುವಣದ ಕಾಡಿನ ಕಾವಲು ತೆಗೆಯುತ್ತಾರೆ. ಕೊಡಲಿಗಳು ಕೆಳಗೆ ಕಾದು ನಿಂತಿದ್ದವು. ಕೇಂದ್ರಕ್ಕೇನೂ ಆಗುವುದಿಲ್ಲ. ಕೇಂದ್ರಗಳಿಗೆ ಎಂದೂ ಏನೂ ಆಗುವುದಿಲ್ಲ.

ಶುಕ್ರವಾರ ಮಧ್ಯಾಹ್ನ ಕಿವಿಯಪ್ಪ ಹಾಡಿನ ಧ್ವನಿಮುದ್ರಿಕೆಗಳನ್ನು ಮನೆಗೆ ತಂದು, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತ. ಮೂಡಣದ ಹಾಡೇ, ಅನುಮಾನವಿಲ್ಲ. ಆದರೆ ಇಲ್ಲಿಗೆ ಹೇಗೆ ಬಂತು? ನಲವತ್ತು ಮೈಲಿ ನಡೆದುಕೊಂಡು ಬಂತೇ? ಹೆಂಡತಿ ಬಟ್ಟೆ ಮಡಚುತ್ತಾ ಬಂದವಳು, "ಅದೇನು ಹಾಗೆ ಇಂಗು ತಿಂದೋರ ಥರ ಕೂತಿದೀರಿ? ಕೊಡಿ ಇಲ್ಲಿ" ಎಂದು ಕಿತ್ತುಕೊಂಡು ತನ್ನ ಕಿವಿಗಿಟ್ಟಳು.

ಎರಡು ಕ್ಷಣ ಕೇಳಿದಳು. "ಅಯ್ಯೋ, ಇದು ನಿಮ್ಮ ಗಡ್ಡದ ಸೀಟಿ ಅಲ್ವೇನ್ರೀ?"

"ಯಾವ ಗಡ್ಡ?"

"ಇನ್ಯಾರ ಗಡ್ಡ! ದಿನಾ ಬೆಳಗಾಗೆದ್ದು ಹಿತ್ತಲಲ್ಲಿ ಕನ್ನಡಿ ಸಿಕ್ಕಿಸ್ಕೊಂಡು ಗಡ್ಡ ಹೆರೀತಾ ಊದ್ತೀರಲ್ಲ, ಅದು. ಬಲೆ ಕಂಬ ಬಡಿದು ಹಲ್ಲು ಮುರಿದಾಗಿಂದ ನಡುವೆ 'ಸ್ಸ್' ಅಂತ ಗಾಳಿ ಸೋರುತ್ತೆ. ನೋಡಿ, ಹಕ್ಕೀಗೂ ಸೋರ್ತಿದೆ!"

ಕಿವಿಯಪ್ಪನ ನಾಲಿಗೆ ತಾನಾಗಿಯೇ ಮುಂದಿನ ಹಲ್ಲಿನ ಸಂದಿಗೆ ಹೋಯಿತು. ಹಲ್ಲು ಮುರಿದು ಹನ್ನೊಂದು ವರ್ಷ. ಐದೂಮುಕ್ಕಾಲಕ್ಕೆ ಗಡ್ಡ, ಆರಕ್ಕೆ ಮೌನದ ಸಹಿ. ಮೂಡಣದ ಹಾಡು ಅವನ ತುಟಿಗೆ ಬಾಲ್ಯದಿಂದ ಅಂಟಿದ್ದು. ಊದುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ. ಮೂರು ಕಣಿವೆಯಾಚೆಯದು ಕೇಳುವ ಕಿವಿಗೆ ತನ್ನ ಮೂಗಿನ ಕೆಳಗಿನದು ಕೇಳಿರಲಿಲ್ಲ. ಮರಿಹಕ್ಕಿಗಳು ಹಾಡನ್ನು ಹುಟ್ಟಿನಿಂದ ತರುವುದಿಲ್ಲ, ಗೂಡಿನ ಸುತ್ತ ಕೇಳಿದ್ದನ್ನು ಕಲಿಯುತ್ತವೆ. ಬೇಲಿಯ ಗೂಡುಗಳಲ್ಲಿ ಇಪ್ಪತ್ತಾರು ವರ್ಷ ಹುಟ್ಟಿದ ಮರಿಗಳಿಗೆಲ್ಲ ಅವನೇ ಮೇಷ್ಟ್ರು.

"ಹೇಳಿಬಿಟ್ರೆ ನನ್ನ ಎತ್ತಂಗಡಿ ಮಾಡ್ತಾರೆ ಕಣೇ" ಎಂದ. "ಪೇಟೆಯ ಕಪಾಟು ಕೋಣೆಗೆ. ಅಲ್ಲಿರೋದು ಹತ್ತಿ ತುಂಬಿದ ನಾಲ್ಕು ಸಾವಿರ ಸತ್ತ ಹಕ್ಕಿ. ಒಂದೂ ಬಾಯಿ ಬಿಡಲ್ಲ."

"ಹೇಳ್ದೆ ಇದ್ರೆ?"

"ಈ ಗುಡ್ಡದಲ್ಲೂ ಒಂದೂ ಬಾಯಿ ಬಿಡಲ್ಲ."

"ಹಾಗಾದ್ರೆ ಏನು ಯೋಚನೆ? ಹೀಗೇ ಕೂತ್ರೆ ಎರಡು ದಿನ ಊಟ ಸೇರಲ್ಲ ನಿಮಗೆ, ಬಡಿಸಿ ಬಡಿಸಿ ನನಗೆ ಸಾಕಾಗುತ್ತೆ. ಈಗ್ಲೇ ಹೋಗಿ ಹೇಳಿ ಬನ್ನಿ."

ಡಾಕ್ಟರಮ್ಮ ಕೇಳಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಏನು ಕಿವಿಯಪ್ಪ, ಹಕ್ಕಿಗಳು ನಿನ್ನ ಹತ್ರ ಪಾಠಕ್ಕೆ ಬರ್ತಿದ್ವಾ? ಚಾಪೆ ತರ್ತಿದ್ವಾ?"

"ಸೀಟಿ ಹೊಡೀಬಾರ್ದು ಅಂತ ಪುಸ್ತಕದಲ್ಲಿ ಬರೆದಿಲ್ಲ ಮೇಡಂ" ಎಂದ ಅವನು.

ರಕ್ತದ ಸಾಹೇಬ ಯಂತ್ರ ಮುಂದಿಟ್ಟ. "ಎಲ್ಲಿ, ಊದಿ ಮಾಮ." ಕಿವಿಯಪ್ಪನ ತುಟಿ ಒಣಗಿತ್ತು. ಮೂರನೆಯ ಸಲಕ್ಕೆ ಸೀಟಿ ಬಂತು. ಪರದೆಯ ಮೇಲೆ ಹಕ್ಕಿಯ ಹಾಡಿನ ಗೆರೆ ಒಂದು, ಕಿವಿಯಪ್ಪನ ಸೀಟಿಯ ಗೆರೆ ಇನ್ನೊಂದು. ಒಂದರ ಮೇಲೊಂದು ಇಟ್ಟರೆ ಕೂದಲೆಳೆಯ ವ್ಯತ್ಯಾಸವಿಲ್ಲ. 'ಪಡುವಣ ಸೀತ್ಕಾರ' ಹಲ್ಲಿನ ಸಂದಿಯಲ್ಲಿ ಸರಿಯಾಗಿ ಕೂತಿತ್ತು. ಸಾಹೇಬ ನಕ್ಕ ರಭಸಕ್ಕೆ ತಗಡಿನ ಮಾಡಿನ ಎರಡು ಮೊಳೆ ಸಡಿಲವಾದವು ಎನ್ನುತ್ತಾರೆ. ಡಾಕ್ಟರಮ್ಮ ನಗಲಿಲ್ಲ. ಹದಿನಾಲ್ಕು ಪುಟ, ಮೂರು ದೇಶದ ಚಪ್ಪಾಳೆ ಅವರ ಕಣ್ಣಮುಂದೆ ಹಾದುಹೋದವು. "ಯಂತ್ರಗಳನ್ನ ಗುಡ್ಡದ ಮೂಲೆಗೇ ಕಟ್ಟಿ" ಎಂದಷ್ಟೇ ಹೇಳಿದರು.

ಶನಿವಾರ, ಭಾನುವಾರ ಜಿಗಣೆಗಳಿಗೆ ಭೋಜನವಾಯಿತು. ಮೂಲೆಗಳ ಹಕ್ಕಿಗಳು ಕೊನೆಯ ಸ್ವರವನ್ನು ಮೂರು ಲಕ್ಷ ವರ್ಷದಿಂದ ಇಳಿಸಿದಂತೆಯೇ ಮೆಲ್ಲಗೆ ಇಳಿಸುತ್ತಿದ್ದವು. ಸೋಮವಾರ ಹೋದ ವರದಿಯಲ್ಲಿ ಜಾತಿ ಎರಡು. ಕಾವಲು ಉಳಿಯಿತು. ಹೊಸ ಜಾತಿಗೆ ಡಾಕ್ಟರಮ್ಮನ ಹೆಸರಿಟ್ಟರು, ಏಕೆಂದರೆ ಅದು ಬೇರೆಯೆಂದು ಮೊದಲಿನಿಂದಲೂ ಹೇಳುತ್ತಿದ್ದವರು ಅವರೇ ಎಂದು ಈಗ ಎಲ್ಲರಿಗೂ ನೆನಪಾಗಿತ್ತು. ಕಿವಿಯಪ್ಪನ ಹೆಸರೂ ಬಂತು, ಕೊನೆಯ ಪುಟದ ಅಡಿಯಲ್ಲಿ, ನೊಣದ ಕಾಲಿನಷ್ಟು ಅಕ್ಷರದಲ್ಲಿ: "ಸ್ಥಳೀಯ ಗದ್ದಲದ ಮೂಲ: ಒಬ್ಬ ನೌಕರ."

ಕಪಾಟು ಕೋಣೆಗೆ ಕಳಿಸಲಿಲ್ಲ. ಶಿಕ್ಷೆ ಅದಕ್ಕಿಂತ ವೈಜ್ಞಾನಿಕವಾಗಿತ್ತು: ಕೆಡಿಸಿದವನೇ ತಿದ್ದಬೇಕು. ಕೇಂದ್ರದ ವತಿಯಿಂದ ಕಟ್ಟಿಸಿದ ಹಲ್ಲು ಹಾಕಿಕೊಂಡು, ದಿನಾ ಐದೂಮುಕ್ಕಾಲಕ್ಕೆ ಬೇಲಿಯ ಹತ್ತಿರ ನಿಂತು, ಬೇಲಿಯ ಹಕ್ಕಿಗಳೆಲ್ಲ ಸರಿಹೋಗುವವರೆಗೆ ಪಡುವಣದ ಶುದ್ಧ ಹಾಡನ್ನು ಸೀಟಿ ಹೊಡೆಯಬೇಕು. ಅದಕ್ಕೊಂದು ಹೊಸ ಸಹಿ ಪುಸ್ತಕವೂ ಬಂತು.

ಮೊದಲ ದಿನ ಹೊಸ ಹಲ್ಲಿನೊಡನೆ ನಿಂತು ಊದಿದ. ಗಾಳಿ ಬಂತು, ಸೀಟಿ ಬರಲಿಲ್ಲ. ಕೆನ್ನೆ ಉಬ್ಬಿಸಿ ಊದಿದ. ಕಣ್ಣಲ್ಲಿ ನೀರು ಬಂತು. ಬೇಲಿಯ ಮೇಲೆ ಬೂದುಹಕ್ಕಿಯೊಂದು ಕತ್ತು ಓರೆ ಮಾಡಿ, ಪಾಠ ಮರೆತ ಮೇಷ್ಟ್ರನ್ನು ನೋಡುವಂತೆ ನೋಡಿತು. ಆಮೇಲೆ ತಾನೇ ಬಾಯಿ ತೆರೆದು, ನಡುವೆ ಸ್ಸ್ ಎಂದು ಗಾಳಿ ಸೋರಿಸಿ, ಕೊನೆಯ ಸ್ವರವನ್ನು ಆಕಾಶಕ್ಕೆ ಎಸೆಯಿತು.

ಕಿವಿಯಪ್ಪ ಸುತ್ತ ನೋಡಿದ. ಕಚೇರಿಯ ಬಾಗಿಲು ಇನ್ನೂ ಮುಚ್ಚಿತ್ತು. ಹಲ್ಲು ಕಿತ್ತು ಜೇಬಿಗೆ ಹಾಕಿಕೊಂಡ.