ಹಾಲಮ್ಮನ ರೊಟ್ಟಿ

ಅವತ್ತು ರೊಟ್ಟಿ ಹಂಚು ಅಂತ ಹೇಳಿದ್ದು ನಾನು. ಹಾಲಮ್ಮ ತಾನಾಗಿ ಹಂಚಲಿಲ್ಲ. ಇಷ್ಟನ್ನು ಆಗಲೇ ಗೌಡರ ಮುಂದೆ ಹೇಳಿಬಿಟ್ಟಿದ್ದರೆ ಇಷ್ಟು ವರ್ಷ ಅದು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿರುತ್ತಿರಲಿಲ್ಲ. ಹೇಳಲಿಲ್ಲ. ಹೇಳಿದ್ದು ಬೇರೆ — ಅದನ್ನೂ ಬರೆಯುತ್ತೇನೆ.

ಎಪ್ಪತ್ತರ ದಶಕ. ಹಿರೇನಲ್ಲೂರು ಕಡೆಯ ಒಂದು ಸಣ್ಣ ಊರು, ಹೆಸರು ಬೇಡ. ಒಂದೇ ಕೋಣೆಯ ಶಾಲೆ, ನಾಲ್ಕು ತರಗತಿ, ನಾನೊಬ್ಬನೇ ಮೇಷ್ಟ್ರು. ಊರ ಗೌಡರ ಹಿತ್ತಲ ಕೋಣೆಯಲ್ಲಿ ವಾಸ, ಊಟವೂ ಅವರ ಮನೆಯದೇ. ನಾಲ್ಕನೇ ತರಗತಿಗೆ ಸಮಾನ ಭಿನ್ನರಾಶಿಯ ಪಾಠ ನಡೆಯುತ್ತಿತ್ತು. ಎರಡರಲ್ಲಿ ಒಂದು, ನಾಲ್ಕರಲ್ಲಿ ಎರಡು, ಎಂಟರಲ್ಲಿ ನಾಲ್ಕು — ಮೂರೂ ಒಂದೇ. ಇಷ್ಟೇ ಪಾಠ. ಇಷ್ಟನ್ನು ಹೇಳಿಕೊಡುವುದರಲ್ಲಿ ನನ್ನ ಪ್ರಾಣ ಹೋಗಿತ್ತು.

ಬೋರ್ಡಿನ ಮೇಲೆ ಚಕ್ರ ಬರೆದೆ, ಗೆರೆ ಎಳೆದೆ, ಬಣ್ಣದ ಸೀಮೆಸುಣ್ಣ ತಂದು ತುಂಬಿದೆ. ಯಾವುದು ದೊಡ್ಡದು ಅಂದರೆ ಇಡೀ ತರಗತಿ "ಎಂಟರಲ್ಲಿ ನಾಲ್ಕು ಸಾ!" ಎಂದು ಕೂಗುತ್ತಿತ್ತು. ಯಾಕ್ರೋ ಅಂದರೆ, "ನಾಲ್ಕೂ ದೊಡ್ಡದು, ಎಂಟೂ ದೊಡ್ಡದು ಸಾ." ಮೇಲೂ ಕೆಳಗೂ ಎರಡರಿಂದ ಗುಣಿಸಿ ತೋರಿಸಿದೆ. ಗುಣಿಸಿದ ಮೇಲೆ ಹೆಚ್ಚಾಗಲೇಬೇಕಲ್ಲ ಎಂಬಂತೆ ಮುಖ ಮುಖ ನೋಡಿಕೊಂಡರು. ಕೊನೆಗೆ ಬೆತ್ತ ಹಿಡಿದೆ. ಬೆತ್ತಕ್ಕೆ ಹೆದರಿ ಮೂರೂ ಒಂದೇ ಎಂದು ಒದರಿದರು. ಬೆತ್ತ ಕೆಳಗಿಟ್ಟ ತಕ್ಷಣ ಎಂಟರಲ್ಲಿ ನಾಲ್ಕು ಮತ್ತೆ ದೊಡ್ಡದಾಯಿತು. ತಲೆ ಚಚ್ಚಿಕೊಳ್ಳುವ ಹಾಗಾಗುತ್ತಿತ್ತು. ಮಕ್ಕಳ ಮೇಲೆ ಸಿಟ್ಟು, ಪುಸ್ತಕ ಬರೆದವರ ಮೇಲೆ ಸಿಟ್ಟು, ತರಬೇತಿಯಲ್ಲಿ ನನಗೆ ಕಲಿಸಿದವರ ಮೇಲೆ ಸಿಟ್ಟು. ಇನ್ಸ್‌ಪೆಕ್ಟರು ಬರುವ ದಿನ ಬೇರೆ ಹತ್ತಿರವಾಗುತ್ತಿತ್ತು. ಅವರಿಂದ ಒಂದು ಒಳ್ಳೆಯ ಮಾತು ಸಿಕ್ಕರೆ ತರೀಕೆರೆಗೆ ವರ್ಗ ಆಗಬಹುದು ಎಂದು ಕಾದು ಕೂತಿದ್ದೆ.

ಹಾಲಮ್ಮ ಬಾಗಿಲ ಪಕ್ಕ ಕೂರುತ್ತಿದ್ದಳು. ಊರಾಚೆಯ ಕೇರಿಯಿಂದ ಶಾಲೆಗೆ ಬರುತ್ತಿದ್ದವಳು ಅವಳೊಬ್ಬಳೇ. ಬಾಗಿಲ ಹತ್ತಿರ ಕೂರು ಅಂತ ನಾನು ಹೇಳಿರಲಿಲ್ಲ. ಮುಂದೆ ಬಾ ಅಂತಲೂ ಹೇಳಿರಲಿಲ್ಲ. ಉಳಿದ ಮಕ್ಕಳು ಮಧ್ಯಾಹ್ನ ಉಣ್ಣಲು ಮನೆಗೆ ಓಡುತ್ತಿದ್ದರು. ಅವಳ ಅಪ್ಪ ಅವ್ವ ಬೆಳಗ್ಗೆಯೇ ಕೂಲಿಗೆ ಹೋಗುತ್ತಿದ್ದರಿಂದ ಅವಳು ಬಟ್ಟೆಯಲ್ಲಿ ಒಂದು ರಾಗಿ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದಳು.

ಅವತ್ತು ನನ್ನ ಸಹನೆ ಪೂರ್ತಿ ಮುಗಿದಿತ್ತು. ಅವಳ ಮಡಿಲಲ್ಲಿದ್ದ ಗಂಟು ಕಣ್ಣಿಗೆ ಬಿತ್ತು.

"ಹಾಲಮ್ಮ, ಆ ರೊಟ್ಟಿ ಕೊಡಮ್ಮ ಇಲ್ಲಿ."

"ಬ್ಯಾಡ ಸಾ. ನಮ್ಮನೇದು."

ಅವಳಿಗೆ ಗೊತ್ತಿತ್ತು. ಎಂಟೊಂಬತ್ತು ವರ್ಷದ ಹುಡುಗಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು — ಆ ಗಳಿಗೆಗೆ ಅದು ಬೇಕಾಗಿರಲಿಲ್ಲ, ಅಷ್ಟೇ. "ನಿಮ್ಮನೆ ರೊಟ್ಟಿ ಏನು ಚೌಕವಾಗಿರುತ್ತೇನೇ? ತಾ" ಅಂದೆ. ಮಕ್ಕಳು ನಕ್ಕರು.

ಎಲ್ಲರನ್ನೂ ಮೇಜಿನ ಸುತ್ತ ಕರೆದು ರೊಟ್ಟಿಯನ್ನು ಎರಡು ಮಾಡಿದೆ. ಒಂದು ಅರ್ಧವನ್ನು ಹಾಗೇ ಬಿಟ್ಟೆ. ಇನ್ನೊಂದು ಅರ್ಧವನ್ನು ಮತ್ತೆ ಎರಡು ಮಾಡಿ ಮೊದಲಿನದರ ಮೇಲೆ ಜೋಡಿಸಿದೆ. ಸರಿಯಾಗಿ ಕೂತಿತು. ಆ ಎರಡನ್ನು ಮುರಿದು ನಾಲ್ಕು ಮಾಡಿ ಜೋಡಿಸಿದೆ. ಆಗಲೂ ಸರಿಯಾಗಿ ಕೂತಿತು. ಗೌಡರ ಮೊಮ್ಮಗ ಕಿರುಚಿದ: "ಚೂರು ಜಾಸ್ತಿ ಆದ್ವು ಸಾ, ರೊಟ್ಟಿ ಅಷ್ಟೇ ಐತೆ!"

ಅಷ್ಟು ದಿನ ಒದ್ದಾಡಿದ್ದು ಒಂದು ಗಳಿಗೆಯಲ್ಲಿ ಮುಗಿದಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಹೇಳತೊಡಗಿದರು — ಬೆತ್ತವಿಲ್ಲದೆ! ಹಿಗ್ಗಿಹೋದೆ. "ಹಾಲಮ್ಮ, ಸರಿ ಹೇಳಿದವರಿಗೆಲ್ಲ ಒಂದೊಂದು ಚೂರು ಹಂಚಮ್ಮ" ಅಂದೆ. ಅವಳು ನನ್ನ ಮುಖ ನೋಡುತ್ತಾ ನಿಂತಳು. "ಹಂಚೇ, ನಾನು ಹೇಳ್ತಿದೀನಲ್ಲ" ಅಂದೆ. ಹಂಚಿದಳು. ಮಕ್ಕಳು ತಿಂದರು. ನನಗೂ ಒಂದು ಚೂರು ತಂದಳು. ಆಮೇಲೆ ತಿನ್ನುತ್ತೇನೆ ಎಂದು ಮೇಜಿನ ಮೇಲೆ ಇಡಿಸಿದೆ. ತಿನ್ನಲಿಲ್ಲ. ಮಕ್ಕಳಿಗೆಲ್ಲ ತಿನ್ನಿಸಿದ ರೊಟ್ಟಿಯನ್ನು ನಾನು ತಿನ್ನಲಿಲ್ಲ — ಇದನ್ನೂ ಬಚ್ಚಿಡುವುದು ಬೇಡ.

ಮೊಮ್ಮಗ ಖುಷಿಯಿಂದ ಮನೆಯಲ್ಲಿ ಹೇಳಿದನಂತೆ. ಮರುದಿನ ಬೆಳಗ್ಗೆ ಗೌಡರು ಇನ್ನಿಬ್ಬರನ್ನು ಕರೆದುಕೊಂಡು ಶಾಲೆಯ ಜಗುಲಿಗೆ ಬಂದರು. ಕೂಗಾಡಲಿಲ್ಲ.

"ಏನ್ ಮೇಷ್ಟ್ರೇ, ನಮ್ಮ ಹುಡುಗ್ರಿಗೆ ಯಾರ ಮನೆ ರೊಟ್ಟಿ ತಿನ್ನಿಸಿದ್ರಂತೆ?"

ನನ್ನ ಕೋಣೆ, ನನ್ನ ಊಟ, ನನ್ನ ತರೀಕೆರೆ — ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಬಾಯಿ ತಾನಾಗಿ ಆಡಿತು ಎಂದು ಬರೆಯಬಹುದಿತ್ತು. ಇಲ್ಲ, ನಾನೇ ಯೋಚಿಸಿ ಹೇಳಿದೆ:

"ನಾನು ಪಾಠ ಮಾಡ್ತಿದ್ದೆ ಗೌಡ್ರೇ. ಅವಳೇ ಹಂಚಿಬಿಟ್ಟಳು."

ಎಂಥ ಜಾಣತನ ನೋಡಿ. ಹಂಚಿದ ಕೈ ಅವಳದೇ ತಾನೆ? ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲ! ಸುಳ್ಳಿಲ್ಲ ಎಂದು ಆ ರಾತ್ರಿ ನನಗೆ ನಾನೇ ಹೇಳಿಕೊಂಡು ಗೌಡರ ಮನೆಯ ಮುದ್ದೆ ಉಂಡೆ.

ಹಾಲಮ್ಮ ಬಾಗಿಲ ಪಕ್ಕ ಎದ್ದು ನಿಂತಿದ್ದಳು. "ಏನೇ, ನೀನಾ?" ಅಂದರು ಗೌಡರು. ಅವಳು ನನ್ನತ್ತ ನೋಡಿದಳು. ಮೇಷ್ಟ್ರು ಏನಾದರೂ ಹೇಳುತ್ತಾರೆ ಎಂದು ಕಾದಳು. ಮೇಷ್ಟ್ರು ಸೀಮೆಸುಣ್ಣದ ಡಬ್ಬಿಯಲ್ಲಿ ಏನೋ ಹುಡುಕುತ್ತಿದ್ದರು. "ಹೂ ಬುದ್ಧಿ" ಅಂದಳು. ಅವಳ ಅಪ್ಪನನ್ನು ಹೊಲದಿಂದ ಕರೆಸಿದರು. ಆತ ಮಕ್ಕಳೆಲ್ಲರ ಎದುರಿಗೆ ಜಗುಲಿಯ ಕೆಳಗೆ ಉದ್ದಕ್ಕೆ ಅಡ್ಡಬಿದ್ದು, ತಪ್ಪಾಯ್ತು ಬುದ್ಧಿ, ಇನ್ನು ಕಳಿಸಲ್ಲ ಅಂದ. ಕಳಿಸಲಿಲ್ಲ. ಕೇರಿಗೆ ಹೋಗಿ ಒಂದು ಮಾತು ಆಡಬೇಕು ಅಂದುಕೊಂಡೆ. ನಾಳೆ, ನಾಡಿದ್ದು — ಹೋಗಲೇ ಇಲ್ಲ.

ಇನ್ಸ್‌ಪೆಕ್ಟರು ಬಂದರು. ನಾಲ್ಕನೇ ತರಗತಿಗೆ ಅದೇ ಪ್ರಶ್ನೆ ಕೇಳಿದರು. ಎಲ್ಲ ಕೈಗಳೂ ಮೇಲೆದ್ದವು. "ಭಿನ್ನರಾಶಿಯನ್ನು ಇಷ್ಟು ಚೆನ್ನಾಗಿ ಕಲಿಸಿದವರನ್ನು ನೋಡಿಲ್ಲ" ಎಂದು ಬೆನ್ನು ತಟ್ಟಿದರು. ಕೈಮುಗಿದೆ. ಆಮೇಲೆ ತರೀಕೆರೆಯೂ ಸಿಕ್ಕಿತು. ಅಲ್ಲಿ ವರ್ಷ ವರ್ಷವೂ ಹೊಸ ಮಕ್ಕಳು, ಅದೇ ಪಾಠ, ಅದೇ "ಎಂಟರಲ್ಲಿ ನಾಲ್ಕು ದೊಡ್ಡದು ಸಾ." ಕಲಿಸುವ ದಾರಿ ಗೊತ್ತಿದ್ದೂ ಮತ್ತೆ ರೊಟ್ಟಿ ಮುರಿಯಲಿಲ್ಲ; ಬೋರ್ಡಿನ ಮೇಲೆ ಚಕ್ರ ಬರೆದೆ, ಅರ್ಥವಾಗದ ಮಕ್ಕಳ ಮೇಲೆ ರೇಗಿದೆ. ನನ್ನ ಹೇಡಿತನದ ಮೇಲಿನ ಸಿಟ್ಟನ್ನು ಕೂಡ ಮಕ್ಕಳ ಅಂಗೈ ಮೇಲೆಯೇ ತೀರಿಸಿಕೊಂಡೆ.

ಈಗ ಎಂಬತ್ತರ ದಶಕವೂ ಮುಗಿಯುತ್ತಾ ಬಂತು. ಹೋದ ತಿಂಗಳು ಅಜ್ಜಂಪುರದ ರೈಲ್ವೆ ಸ್ಟೇಷನ್ನಿನಲ್ಲಿ ಕೂತಿದ್ದೆ. ಕಂಕುಳಲ್ಲಿ ಮಗು ಎತ್ತಿಕೊಂಡ ಹೆಂಗಸೊಬ್ಬಳು ಬಂದು ಎದುರು ನಿಂತಳು. "ನಾನು ಹಾಲಮ್ಮ ಸಾ." ಶಿವನಿ ಹತ್ತಿರದ ಒಂದು ಊರಿಗೆ ಮದುವೆ ಮಾಡಿಕೊಟ್ಟಿದ್ದಾರಂತೆ. ಬೈಯುತ್ತಾಳೆ ಅಂದುಕೊಂಡೆ, ಬೈದರೆ ಸಾಕು ಎಂದೂ ಅನ್ನಿಸಿತು.

"ನಿಮ್ಮನ್ನ ಕಂಡಾಗ ಒಂದ್ ಮಾತು ಹೇಳ್ಬೇಕು ಅಂತಿದ್ದೆ ಸಾ. ಆವತ್ತು ನಾನು ರೊಟ್ಟಿ ಹಂಚ್ಬಾರ್ದಿತ್ತು. ಸಣ್ಣೋಳು, ತಿಳೀಲಿಲ್ಲ. ನನ್ನಿಂದ ನೀವೂ ಗೌಡ್ರ ಮುಂದೆ ನಿಲ್ಲಂಗಾಯ್ತು. ತಪ್ಪಾಯ್ತು ಸಾ."

ಹಂಚು ಅಂತ ನಾನು ಹೇಳಿದ್ದು ಅವಳಿಗೆ ನೆನಪೇ ಇಲ್ಲ. ಅಪ್ಪ ಬೈದು, ಕೇರಿ ಬೈದು, ಊರು ಬೈದು — ಕೊನೆಗೆ ನನ್ನ ಮಾತೇ ಅವಳ ನೆನಪಾಗಿ ಕೂತಿದೆ. ಆಗಲಾದರೂ ಹೇಳಬಹುದಿತ್ತು. ಎದುರಿಗೆ ಗೌಡರಿರಲಿಲ್ಲ, ಇನ್ಸ್‌ಪೆಕ್ಟರಿರಲಿಲ್ಲ, ಹೆದರುವುದಕ್ಕೆ ಏನೇನೂ ಇರಲಿಲ್ಲ. ನಾನು ಏನೆಂದೆ ಗೊತ್ತೇ?

"ಇರಲಿ ಬಿಡಮ್ಮ."

ಕ್ಷಮಿಸಿಬಿಟ್ಟೆ! ಅವಳ ಮುಖ ಹಗುರಾಯಿತು. ಮಗುವಿನ ಕೈ ಹಿಡಿದು ನನಗೆ ನಮಸ್ಕಾರ ಮಾಡಿಸಿ ರೈಲು ಹತ್ತಿದಳು.

ಮೊದಲ ತಪ್ಪಿಗೆ ಹೆದರಿಕೆ ಇತ್ತು. ಎರಡನೆಯದಕ್ಕೆ ಏನು ಹೇಳಲಿ? ಬರುವ ಭಾನುವಾರ ಶಿವನಿ ಕಡೆ ಹೋಗುತ್ತೇನೆ, ಮನೆ ಹುಡುಕುತ್ತೇನೆ. ಅವಳ ಗಂಡನ ಎದುರಿಗೆ, ಅಕ್ಕಪಕ್ಕದವರ ಎದುರಿಗೆ, ಅವಳು ಏನೂ ತಪ್ಪು ಮಾಡಿರಲಿಲ್ಲ ಎಂದು ಹೇಳಬೇಕು. ಬೈದರೆ ಬೈಸಿಕೊಳ್ಳುತ್ತೇನೆ. ಬಾಗಿಲು ಹಾಕಿದರೆ ಹೊರಗೆ ನಿಲ್ಲುತ್ತೇನೆ. ಎಲ್ಲಿ "ಹೋಗ್ಲಿ ಬಿಡಿ ಸಾ" ಅಂದುಬಿಡುತ್ತಾಳೋ — ನನಗೆ ಅದೊಂದೇ ಭಯ.