ಚೆಂಡು ಮುಟ್ಟದೆ ಓಡುವ ವಿದ್ಯೆ

ಬೆಳಿಗ್ಗೆ ಐದೂವರೆ. ಆಸ್ಪತ್ರೆಯ ಹಿಂದಿನ ಮೈದಾನದಲ್ಲಿ ಆರು ಸಲೈನ್ ಸ್ಟ್ಯಾಂಡುಗಳು ಸಾಲಾಗಿ ನಿಂತಿವೆ. ಒಂದೊಂದಕ್ಕೂ ಹರಿದ ಹೊದಿಕೆ ಸುತ್ತಿ, ಹೊಟ್ಟೆಯ ಜಾಗಕ್ಕೆ ಹಳೆಯ ದಿಂಬು ಕಟ್ಟಿದ್ದಾರೆ. ನಾಲ್ಕನೆಯದಕ್ಕೆ ಒಂದು ಚಕ್ರ ಇಲ್ಲ. ಅದು ಸದಾ ಐದನೆಯದರ ಹೆಗಲಿಗೆ ಒರಗಿಕೊಂಡೇ ಇರುತ್ತದೆ. ಫುಟ್‌ಬಾಲಿನಲ್ಲಿ ಫ್ರೀ ಕಿಕ್ ಸಿಕ್ಕಾಗ ಎದುರಾಳಿಗಳು ಹತ್ತು ಹೆಜ್ಜೆ ದೂರದಲ್ಲಿ ಒತ್ತಾಗಿ ನಿಂತು ಗೋಡೆ ಕಟ್ಟುತ್ತಾರಲ್ಲ, ಇಲ್ಲಿ ಆ ಗೋಡೆ ಇದೇ. ಆ ಹತ್ತು ಹೆಜ್ಜೆಯನ್ನು ಗಟ್ಟಿಯಾಗಿ ಎಣಿಸುತ್ತಾ ಒಬ್ಬ ಹೆಂಗಸು ನಡೆದು ಬರುತ್ತಾರೆ. ವಯಸ್ಸು ಐವತ್ತಮೂರು. ಮೈಮೇಲೆ ಕೆಲಸದ ನೀಲಿ ಕೋಟು, ಕಾಲಲ್ಲಿ ಕ್ಯಾನ್ವಾಸ್ ಬೂಟು, ಕುತ್ತಿಗೆಯಲ್ಲಿ ಸೀಟಿ. ಮುಖದಲ್ಲಿ ಇಷ್ಟು ಹೊತ್ತಿಗೇ ಸಿಡುಕು.

"ಓಡು. ಹಾರು. ಮುಟ್ಬೇಡ. ಮೂರೇ ಮಾತು ಕಣೇ. ಅರ್ಥ ಆಯ್ತಾ?"

ಎದುರಿಗಿರುವ ಆಟಗಾರ್ತಿ ತಲೆಯಾಡಿಸಿ ಓಡಿ ಬರುತ್ತಾಳೆ. ಹಾರುತ್ತಾಳೆ. ಮುಟ್ಟುತ್ತಾಳೆ. ಬೂಟಿನ ತುದಿ ತಗುಲಿ ಚೆಂಡು ಎರಡು ಗೇಣು ಉರುಳಿ ಸುಮ್ಮನೆ ನಿಲ್ಲುತ್ತದೆ. ಹೆಂಗಸು ಹಣೆ ಹಣೆ ಚಚ್ಚಿಕೊಳ್ಳುತ್ತಾರೆ.

ಇವರು ಇದೇ ಆಸ್ಪತ್ರೆಯ ಲಿನನ್ ರೂಮಿನ ಮೇಲ್ವಿಚಾರಕಿ. ಏಳು ಗಂಟೆಗೆ ಇವರ ಪಾಳಿ ಶುರು. ದಿನಕ್ಕೆ ಒಂಬೈನೂರು ಬೆಡ್‌ಶೀಟು ಇವರ ಕಣ್ಣೆದುರು ಒಗೆಸಿಕೊಂಡು, ಒಣಗಿ, ಮಡಿಸಿಕೊಂಡು ವಾರ್ಡುಗಳಿಗೆ ಹೋಗುತ್ತವೆ. ಏಳಕ್ಕೆ ಮುಂಚಿನ ಒಂದೂವರೆ ಗಂಟೆ ಮಾತ್ರ ಇವರು ಆಸ್ಪತ್ರೆಯ ಮಹಿಳಾ ತಂಡದ ಫ್ರೀ ಕಿಕ್ ಕೋಚ್. ತಂಡದವರ ಬಾಯಲ್ಲಿ 'ಗೋಡೆಯಕ್ಕ'. ಆ ತಂಡದಲ್ಲಿ ಯಾರಿಗೂ ಅಪ್ಪ ಅಮ್ಮ ಇಟ್ಟ ಹೆಸರು ಉಳಿದಿಲ್ಲ. ಎಕ್ಸ್‌ರೇ ವಿಭಾಗದವಳು ಎಕ್ಸ್‌ರೇ, ರಕ್ತ ಪರೀಕ್ಷೆ ಮಾಡುವವಳು ಲ್ಯಾಬ್. ಚೆಂಡು ಮುಟ್ಟಬಾರದೆಂದರೂ ಮುಟ್ಟುವ ಮಹಾತಾಯಿ ಆಂಬುಲೆನ್ಸ್ ಓಡಿಸುವವಳು, ಹಾಗಾಗಿ ಆಂಬುಲೆನ್ಸ್.

ಅಕ್ಕನ ಉಪಾಯ ಕೇಳಲು ಬಹಳ ಸುಲಭ. ಆಂಬುಲೆನ್ಸ್ ಚೆಂಡನ್ನು ಗುಂಡಿನ ಹಾಗೆ ಹೊಡೆಯುವವಳಂತೆ ರಭಸದಿಂದ ಓಡಿ ಬಂದು ಚೆಂಡಿನ ಮೇಲೆ ಹಾರಿ ಮುಂದೆ ಹೋಗಬೇಕು. ಈಗ ಹೊಡೆದೇಬಿಟ್ಟಳು ಎಂದು ಗೋಡೆಯವರು ಬೆದರಿ ಎಗರುತ್ತಾರೆ. ಆ ಗಳಿಗೆಯಲ್ಲಿ ಹಿಂದಿನಿಂದ ಬರುವ ಎಕ್ಸ್‌ರೇ ಚೆಂಡನ್ನು ನೆಲದ ಮೇಲೇ ಗೋಡೆಯ ಪಕ್ಕದಿಂದ ತಳ್ಳುತ್ತಾಳೆ. ಗೋಡೆಯ ತುದಿಯಿಂದ ಎರಡು ಹೆಜ್ಜೆ ಆಚೆ ನಿಂತಿರುವ ಲ್ಯಾಬ್ ಗಕ್ಕನೆ ತಿರುಗಿ ಗೋಲಿಗೆ ಒದೆಯುತ್ತಾಳೆ. ಎಲ್ಲ ಸೇರಿ ನಾಲ್ಕು ಸೆಕೆಂಡು.

ಆದರೆ ಆ ನಾಲ್ಕು ಸೆಕೆಂಡು ಈ ವರ್ಷ ಒಮ್ಮೆಯೂ ಕೂಡಿಬಂದಿಲ್ಲ. ದಿನಕ್ಕೆ ನಲವತ್ತು ಸಲದಂತೆ ವಾರಕ್ಕೆ ಆರು ದಿನ ಅಭ್ಯಾಸ. ಹದಿಮೂರು ಪಂದ್ಯಗಳಲ್ಲಿ ಮೂವತ್ತೆಂಟು ಫ್ರೀ ಕಿಕ್. ಗೋಲು ಸೊನ್ನೆ. "ಹನ್ನೊಂದು ಸಲ ಇವಳ ಕಾಲು ತಗಲ್ತು," ಎಂದು ಅಕ್ಕ ಆಂಬುಲೆನ್ಸ್ ಕಡೆ ಬೆರಳು ಮಾಡುತ್ತಾರೆ. "ಒಂಬತ್ತು ಸಲ ಎಕ್ಸ್‌ರೇ ತಾನೇ ಹೊಡೆದಳು. ಅವಳಿಗೆ ಗೋಲು ಕಂಡ್ರೆ ಪಕ್ಕದವರು ಕಾಣಲ್ಲ. ಲ್ಯಾಬ್ ಅಂತೂ ಒಂದು ಪಂದ್ಯದಲ್ಲಿ ಬೂಟಿನ ಲೇಸ್ ಕಟ್ಕೋತಾ ಕೂತಿದ್ದಳು. ಏನು ಹೇಳಲಿ? ಬೈದು ಬೈದು ನನ್ನ ಗಂಟಲು ಹೋಯ್ತೇ ಹೊರತು ಇವರಿಗೇನೂ ಆಗ್ಲಿಲ್ಲ."

"ನನ್ನದೇನು ತಪ್ಪು ಅಕ್ಕ?" ಆಂಬುಲೆನ್ಸ್ ಗೊಣಗುತ್ತಾಳೆ. "ಹೇಗಾದ್ರೂ ಮಾಡಿ ಹೋಗಿ ಮುಟ್ಟು ಅಂತಲೇ ನನಗೆ ಸಂಬಳ ಕೊಡೋದು. ನೀವು ಹತ್ತಿರ ಹೋಗಿ ಮುಟ್ಟಬೇಡ ಅಂತೀರಿ. ಕಾಲು ಕೇಳಬೇಕಲ್ಲ?"

"ಕಾಲಿಗೆ ನಾನೇ ಬಂದು ಹೇಳ್ಲಾ? ನಡಿ, ಇನ್ನೊಂದ್ಸಲ."

ಗೋಡೆಯನ್ನು ಉಗ್ರಾಣದಿಂದ ತಳ್ಳಿಕೊಂಡು ಬರುವುದು, ಗಾಳಿಗೆ ಬಿದ್ದರೆ ಎತ್ತಿ ನಿಲ್ಲಿಸುವುದು ಅಕ್ಕನ ಗಂಡನ ಪಾಲಿನ ಕೆಲಸ. ಅವರು ನಿವೃತ್ತ ಬಸ್ ಡ್ರೈವರ್. ಮಾತು ಹೆಚ್ಚು, ಅವಸರ ಕಡಿಮೆ. ಗುಜರಿಗೆ ಹೊರಟಿದ್ದ ಈ ಸ್ಟ್ಯಾಂಡುಗಳನ್ನು ಬಿಡಿಸಿಕೊಳ್ಳಲು ಹೆಂಡತಿ ಮೂರು ಅರ್ಜಿ ಬರೆದು ನಾಲ್ಕು ತಿಂಗಳು ಅಲೆದದ್ದನ್ನು ಅವರೇ ಹೇಳುತ್ತಾರೆ. "ಇವಳ ಸಿಟ್ಟು ಆ ಹುಡುಗಿ ಮೇಲಲ್ಲ ಬಿಡಿ, ಅದು ಹಳೇ ಸಿಟ್ಟು..." ಎಂದು ಶುರು ಮಾಡುವಷ್ಟರಲ್ಲಿ ಅಕ್ಕನ ಕಣ್ಣು ಇತ್ತ ತಿರುಗುತ್ತದೆ. "ರೀ, ನಾಲ್ಕನೇದು ಬೀಳ್ತಿದೆ ನೋಡಿ." ಗಂಡ ಬಾಯಿ ಮುಚ್ಚಿಕೊಂಡು ನಾಲ್ಕನೆಯದರ ಕಡೆ ಹೋಗುತ್ತಾರೆ.

ಈ ಗುರುವಾರ ಅಕ್ಕನ ಸಿಡುಕಿಗೆ ಹೊಸ ಕಾರಣವೂ ಇದೆ. ತಂಡದ ಮುಖ್ಯ ಕೋಚ್ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್. ಸಭ್ಯ ಮನುಷ್ಯ, ದನಿ ಎತ್ತುವವರಲ್ಲ. ಬುಧವಾರ ಲಿನನ್ ರೂಮಿಗೆ ಬಂದು, ಬಾಗಿಲಲ್ಲೇ ನಿಂತು ವಿಷಯ ತಿಳಿಸಿದ್ದಾರೆ. ಭಾನುವಾರ ಕೊನೆಯ ಪಂದ್ಯ. ಅಲ್ಲೂ ಫ್ರೀ ಕಿಕ್ಕಿನಿಂದ ಗೋಲು ಬರದಿದ್ದರೆ ಮುಂದಿನ ವರ್ಷ ಬೆಳಗಿನ ಒಂದೂವರೆ ಗಂಟೆ ಓಟದ ಅಭ್ಯಾಸಕ್ಕೆ. ಸ್ಟ್ಯಾಂಡುಗಳು ಗುಜರಿಗೆ. ಅಕ್ಕ ಆ ಹೊತ್ತಿನಲ್ಲಿ ಮಡಿಸುತ್ತಿದ್ದ ಬೆಡ್‌ಶೀಟನ್ನು ಬಿಚ್ಚಿ ಮತ್ತೆ ಮಡಿಸಿದರಂತೆ. ಅದನ್ನೂ ಬಿಚ್ಚಿ ಮತ್ತೊಮ್ಮೆ ಮಡಿಸಿದರಂತೆ. "ಓಡೋಕೆ ಯಾರಾದ್ರೂ ಹೇಳ್ಕೊಡಬೇಕಾ? ಬಸ್ ಬಿಟ್ಟು ಹೋಗ್ತಿದ್ರೆ ಎಲ್ಲರೂ ಓಡ್ತಾರೆ," ಎನ್ನುತ್ತಾರೆ. ಇಪ್ಪತ್ತು ವರ್ಷದಿಂದ ಈ ಒಂದೂವರೆ ಗಂಟೆಗಾಗಿಯೇ ತಾವು ಬೆಳಿಗ್ಗೆ ಏಳುವುದು ಎಂಬುದನ್ನು ಅವರು ಫಿಸಿಯೋಗೆ ಹೇಳಲಿಲ್ಲ. ಹೇಳಿಕೊಂಡು ಬೇಡುವ ಜಾಯಮಾನ ಅವರದಲ್ಲ.

ಶುಕ್ರವಾರ ನಲವತ್ತರಲ್ಲಿ ಹದಿನಾರು ಸಲ ಕಾಲು ತಗುಲಿತು. ಶನಿವಾರ ಹದಿನೆಂಟು. ಅಭ್ಯಾಸ ಹೆಚ್ಚಿದಷ್ಟೂ ಹದಗೆಡುವ ವಿದ್ಯೆ ಇದೊಂದೇ ಇರಬೇಕು. ಶನಿವಾರ ಕೊನೆಗೆ ಅಕ್ಕ ಬೈಯಲೂ ಇಲ್ಲ. ಸೀಟಿಯನ್ನು ಕುತ್ತಿಗೆಯಿಂದ ತೆಗೆದು ಜೇಬಿಗೆ ಹಾಕಿಕೊಂಡು ಪಾಳಿಗೆ ಹೊರಟುಹೋದರು. ಅದು ಬೈಗುಳಕ್ಕಿಂತ ಕಷ್ಟವಾಯಿತು ಎಂದು ಆಂಬುಲೆನ್ಸ್ ಆಮೇಲೆ ಹೇಳುತ್ತಾಳೆ.

ಭಾನುವಾರ ಮಧ್ಯಾಹ್ನ. ಪಂದ್ಯ ಒಂದೊಂದು ಗೋಲಿನ ಸಮದಲ್ಲಿದೆ. ಮುಗಿಯಲು ಆರು ನಿಮಿಷ ಇರುವಾಗ ಗೋಲಿನ ಎದುರು ಇಪ್ಪತ್ತೆರಡು ಹೆಜ್ಜೆ ದೂರದಲ್ಲಿ ಎಕ್ಸ್‌ರೇಯನ್ನು ಯಾರೋ ಕೆಡವುತ್ತಾರೆ. ಫ್ರೀ ಕಿಕ್. ಎದುರಾಳಿಗಳ ಗೋಡೆ ಎದ್ದು ನಿಲ್ಲುತ್ತದೆ, ಐದು ಜನ, ಎಲ್ಲ ಎತ್ತರದವರು. ಅಕ್ಕ ಗೆರೆಯಾಚೆ ಬೆಂಚಿನ ಹಿಂದೆ ಬೆನ್ನು ತಿರುಗಿಸಿ ನಿಂತುಬಿಡುತ್ತಾರೆ. "ನಾನು ನೋಡಲ್ಲ. ನೀವು ನೋಡಿ ಹೇಳಿ," ಎಂದು ಗಂಡನ ತೋಳು ಹಿಡಿಯುತ್ತಾರೆ.

ಆಂಬುಲೆನ್ಸ್ ಓಡುತ್ತಾಳೆ. ಮುಖ ಕೆಂಪಾಗಿದೆ, ಹಲ್ಲು ಕಚ್ಚಿದ್ದಾಳೆ, ಬಾಯಲ್ಲಿ ಒಂದು ದೊಡ್ಡ ಅರಚಾಟ. ಇದನ್ನು ಅವಳಿಗೆ ಯಾರೂ ಕಲಿಸಿಲ್ಲ. ಗೋಡೆಯ ಐದೂ ಜನ ಕಣ್ಣು ಮುಚ್ಚಿ ಎಗರುತ್ತಾರೆ. ಅವಳು ಚೆಂಡಿನ ಮೇಲೆ ಹಾರಿ, ನಿಲ್ಲಲಾಗದೆ ಗೋಡೆಯ ಪಕ್ಕದಲ್ಲಿ ಮಕಾಡೆ ಬೀಳುತ್ತಾಳೆ. ಚೆಂಡು ಇಟ್ಟಲ್ಲೇ ಇದೆ. ಎಕ್ಸ್‌ರೇ, ಜೀವಮಾನದಲ್ಲಿ ಮೊದಲ ಸಲ ಹೇಳಿದ ಮಾತು ಕೇಳಿ, ಮೆಲ್ಲಗೆ ತಳ್ಳುತ್ತಾಳೆ. ಲ್ಯಾಬ್ ತಿರುಗಿ ಒದೆಯುತ್ತಾಳೆ.

"ಗೋಲ್ ಕಣೇ!" ಎಂದು ಗಂಡ ಕೂಗಿದರೆ ಅಕ್ಕ ಕೇಳುವುದು ಬೇರೆಯದನ್ನೇ. "ಮುಟ್ಟಿದಳಾ?"

"ಇಲ್ಲ."

"ಸರಿಯಾಗಿ ನೋಡಿದ್ರಾ?"

"ಮುಟ್ಟಲಿಲ್ಲ ಮಾರಾಯ್ತೀ!"

ಎರಡು-ಒಂದರ ಗೆಲುವಿನಲ್ಲಿ ಪಂದ್ಯ ಮುಗಿಯುತ್ತದೆ. ಎಲ್ಲರೂ ಲ್ಯಾಬನ್ನು ಎತ್ತಿ ಕುಣಿಯುತ್ತಿದ್ದಾರೆ. ಫೋಟೋ ತೆಗೆಯುವವನು ಲ್ಯಾಬ್ ಮತ್ತು ಎಕ್ಸ್‌ರೇಯನ್ನು ಅಕ್ಕಪಕ್ಕ ನಿಲ್ಲಿಸುತ್ತಿದ್ದಾನೆ. ಅಕ್ಕ ಅವರನ್ನೆಲ್ಲ ದಾಟಿಕೊಂಡು, ಬೆಂಚಿನ ಮೇಲೆ ಕೂತು ಬಾಟಲಿ ನೀರಿನಲ್ಲಿ ಮೊಣಕಾಲಿನ ಮಣ್ಣು ತೊಳೆಯುತ್ತಿರುವ ಆಂಬುಲೆನ್ಸ್ ಹತ್ತಿರ ಹೋಗಿ ಕೂರುತ್ತಾರೆ. ಮೂವತ್ತೊಂದು ವರ್ಷದ ಹಿಂದೆ ಇದೇ ಆಸ್ಪತ್ರೆಯ ತಂಡ ಒಮ್ಮೆ ಫೈನಲ್ ಆಡಿದ್ದನ್ನು ಹೇಳುತ್ತಾರೆ. ಕೊನೆಯ ನಿಮಿಷದಲ್ಲಿ ಫ್ರೀ ಕಿಕ್. ಚೆಂಡಿನ ಮೇಲೆ ಹಾರಬೇಕಾಗಿದ್ದವಳು ಲಿನನ್ ರೂಮಿಗೆ ಹೊಸದಾಗಿ ಸೇರಿದ್ದ ಇಪ್ಪತ್ತೆರಡರ ಹುಡುಗಿ.

"ನಾನು ಮುಟ್ಟಿಬಿಟ್ಟೆ ಕಣೇ."

ಆಂಬುಲೆನ್ಸ್ ಬಾಟಲಿ ಕೆಳಗಿಡುತ್ತಾಳೆ. "ಅಕ್ಕಾ! ನನಗೆ ಹನ್ನೊಂದು ಸಲ ಬೈದ್ರಲ್ಲ!"

"ಅದಕ್ಕೇ ಬೈದದ್ದು," ಎಂದು ಅಕ್ಕ ಅಳುತ್ತಾರೆ. ಅತ್ತದ್ದಕ್ಕೆ ತಮ್ಮ ಮೇಲೆ ತಾವೇ ರೇಗಿಕೊಂಡು, ಕೋಟಿನ ತೋಳಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಅವತ್ತು ಬಸ್ಸಲ್ಲಿ ಯಾರೂ ಇವಳ ಪಕ್ಕ ಕೂರಲಿಲ್ಲ," ಎನ್ನುತ್ತಾರೆ ಗಂಡ. ಈ ಸಲ ಅವರನ್ನು ಯಾರೂ ತಡೆಯುವುದಿಲ್ಲ. "ಮುಂದೆ ಬಂದು ಡ್ರೈವರ್ ಪಕ್ಕದ ಬಾನೆಟ್ ಮೇಲೆ ಕೂತಳು. ಬಸ್ ಓಡಿಸ್ತಿದ್ದವನು ನಾನು."

ಸೋಮವಾರ ಬೆಳಿಗ್ಗೆ ಐದೂವರೆ. ಲೀಗ್ ಮುಗಿದಿದೆ, ಯಾರೂ ಬರಬೇಕಾಗಿಲ್ಲ. ಎಲ್ಲರೂ ಬಂದಿದ್ದಾರೆ. ನಾಲ್ಕನೆಯ ಸ್ಟ್ಯಾಂಡ್ ಬೆಳಗಿನ ಗಾಳಿಗೆ ಬಿದ್ದಿದೆ, ಎತ್ತಿದರೂ ನಿಲ್ಲುತ್ತಿಲ್ಲ. ಅದರ ಜಾಗದಲ್ಲಿ, ಮೂರನೆಯದಕ್ಕೂ ಐದನೆಯದಕ್ಕೂ ನಡುವೆ, ಫಿಸಿಯೋ ನಿಂತಿದ್ದಾರೆ. ಅವರಾಗಿಯೇ ಬಂದು ನಿಂತದ್ದು. ಓಟದ ಅಭ್ಯಾಸದ ಮಾತು ಅವರೂ ಎತ್ತಿಲ್ಲ, ಅಕ್ಕನೂ ಎತ್ತಿಲ್ಲ.

"ನನಗನ್ನಿಸತ್ತೆ, ಲ್ಯಾಬ್ ಇನ್ನೊಂದು ಹೆಜ್ಜೆ ಈ ಕಡೆ..." ಎಂದು ಫಿಸಿಯೋ ಶುರು ಮಾಡುತ್ತಾರೆ.

"ಸಾರ್," ಅಕ್ಕ ಸೀಟಿಯನ್ನು ಬಾಯಿಂದ ತೆಗೆಯುತ್ತಾರೆ. "ನೀವೀಗ ಗೋಡೆ. ಗೋಡೆ ಮಾತಾಡಲ್ಲ."

ಆಂಬುಲೆನ್ಸ್ ಓಡುತ್ತಾಳೆ, ಹಾರುತ್ತಾಳೆ, ಮುಟ್ಟುವುದಿಲ್ಲ. ಗೋಡೆಯಲ್ಲಿ ಒಂದು ಮಾತ್ರ ಬೆಚ್ಚಿ ಒಂದಡಿ ಎಗರುತ್ತದೆ. ಇಪ್ಪತ್ತು ವರ್ಷದಲ್ಲಿ ಅಕ್ಕನ ಗೋಡೆ ಹಾರಿದ್ದು ಇದೇ ಮೊದಲು. ಇಷ್ಟೆಲ್ಲ ಆದ ಮೇಲೆ ನಿಮಗೇನಾದರೂ ಬೇಕಾ ಎಂದು ಕೇಳಿದರೆ ಅಕ್ಕ ತುಸು ಹೊತ್ತು ನಿಜಕ್ಕೂ ಯೋಚಿಸುತ್ತಾರೆ.

"ನಾಲ್ಕನೇದಕ್ಕೆ ಒಂದು ಚಕ್ರ ಹಾಕಿಸಿಕೊಟ್ಟರೆ ಸಾಕು. ಪಾಪ, ಸಾರ್ ಎಷ್ಟು ದಿನ ಅಂತ ನಿಲ್ತಾರೆ?"